ಗಿನಿಪಿಗ್‌ಗೆ ಸಾಕಷ್ಟು ನೀರು, ಆರೋಗ್ಯವಂತ ಕರುಳು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಗಿನಿಪಿಗ್ ಒಂದು ಹೊತ್ತು ಮೇವು ಬಿಟ್ಟಿತೆಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ನಾಯಿಯೋ ಬೆಕ್ಕೋ ಒಂದು ದಿನ ಉಪವಾಸವಿದ್ದು ಮರುದಿನ ಎಂದಿನಂತೆ ಓಡಾಡಬಹುದು. ಆದರೆ ಗಿನಿಪಿಗ್‌ನ ಕರುಳು ಹಗಲು ರಾತ್ರಿಯೆನ್ನದೆ ಕೆಲಸ ಮಾಡುತ್ತಲೇ ಇರಬೇಕಾದದ್ದು, 12 ಗಂಟೆಗಳ ಕಾಲ ಅದಕ್ಕೆ ಮೇವು ಸಿಗದಿದ್ದರೆ ಅಪಾಯ ಆರಂಭವಾಯಿತೆಂದೇ ತಿಳಿಯಬೇಕು. ಅದನ್ನು ನಡೆಸುವುದು ಎರಡೇ ವಸ್ತು: ಉದ್ದನೆಯ ನಾರುಳ್ಳ ಹುಲ್ಲು ಮತ್ತು ನೀರು. ನೀರು ಕಡಿಮೆಯಾದರೆ ತಿಂದ ಹುಲ್ಲು ಕರುಳಿನಲ್ಲಿ ಒಣಗಿ ಗಟ್ಟಿಯಾಗುತ್ತದೆ, ಹುಲ್ಲು ಕಡಿಮೆಯಾದರೆ ಕುಡಿದ ನೀರಿನಿಂದ ಕರುಳಿಗೆ ಚಲನೆ ಬರುವುದಿಲ್ಲ. ಆದ್ದರಿಂದ ಇವೆರಡನ್ನೂ ಒಟ್ಟಿಗೇ ನೋಡಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ತಿಳಿಯಬೇಕಾದದ್ದು: ಅದರ ಹೊಟ್ಟೆಯೊಳಗೆ ನಡೆಯುವುದೇನು

ಗಿನಿಪಿಗ್‌ಗಳ ಮೂಲ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಪ್ರದೇಶ. ದಿನವಿಡೀ ಹುಲ್ಲು ಮೇಯುತ್ತಾ ಬದುಕುವುದಕ್ಕೆ ತಕ್ಕಂತೆ ಅದರ ದೇಹ ರೂಪುಗೊಂಡಿದೆ. ಸಣ್ಣ ಕರುಳು ಮತ್ತು ದೊಡ್ಡ ಕರುಳು ಸೇರುವಲ್ಲಿ ಸೀಕಮ್ ಎಂಬ ದೊಡ್ಡ ಚೀಲವಿದ್ದು, ಜೀರ್ಣಾಂಗದಲ್ಲಿರುವ ಒಟ್ಟು ಆಹಾರದ ಅರ್ಧಕ್ಕಿಂತ ಹೆಚ್ಚು ಭಾಗ ಅದರಲ್ಲೇ ಇರುತ್ತದೆ. ಅಲ್ಲಿ ನೆಲೆಸಿರುವ ಉಪಕಾರಿ ಸೂಕ್ಷ್ಮಜೀವಿಗಳು ನಾರನ್ನು ಹುದುಗಿಸಿ ಪೋಷಕಾಂಶಗಳಾಗಿ ಪರಿವರ್ತಿಸುತ್ತವೆ. ಹೀಗೆ ಸಿದ್ಧವಾದ ಮೃದುವಾದ ಹಿಕ್ಕೆಯನ್ನು ಗಿನಿಪಿಗ್ ತಲೆ ಬಾಗಿಸಿ ನೇರವಾಗಿ ಬಾಯಿಗೆ ತೆಗೆದುಕೊಂಡು ಮತ್ತೊಮ್ಮೆ ತಿನ್ನುತ್ತದೆ. ಬಿ ಜೀವಸತ್ವಗಳೂ ಪ್ರೋಟೀನೂ ಅದರಿಂದ ದೊರೆಯುತ್ತವೆ. ಹೊಸದಾಗಿ ಸಾಕುವವರು ಇದನ್ನು ಕಂಡು ಅಸಹ್ಯಪಟ್ಟು ತಡೆಯಲು ಹೋಗುವುದುಂಟು. ದಯವಿಟ್ಟು ತಡೆಯಬೇಡಿ, ಅದು ರೋಗವಲ್ಲ, ಅದರ ಊಟದ ಒಂದು ಭಾಗ.

ಇನ್ನೆರಡು ಸಂಗತಿಗಳನ್ನು ನೆನಪಿಡಬೇಕು. ಗಿನಿಪಿಗ್‌ಗೆ ವಾಂತಿ ಮಾಡಲು ಆಗುವುದಿಲ್ಲ, ಹಾಗಾಗಿ ತಿನ್ನಬಾರದ್ದನ್ನು ತಿಂದರೆ ಅದು ಇಡೀ ಕರುಳನ್ನು ಹಾದೇ ಹೋಗಬೇಕು. ಅದರ 20 ಹಲ್ಲುಗಳೂ ಬದುಕಿರುವಷ್ಟು ಕಾಲ ಬೆಳೆಯುತ್ತಲೇ ಇರುತ್ತವೆ. ಒರಟಾದ ಹುಲ್ಲನ್ನು ಗಂಟೆಗಟ್ಟಲೆ ಅಗಿದು ಸವೆಸದಿದ್ದರೆ ದವಡೆಹಲ್ಲುಗಳು ನಾಲಿಗೆಯ ಮೇಲೆ ಬೆಳೆದು, ಪ್ರಾಣಿ ಹಸಿವಿದ್ದರೂ ತಿನ್ನಲಾರದ ಸ್ಥಿತಿಗೆ ಬರುತ್ತದೆ.

ಹಂತ 1: ನೀರಿನ ವ್ಯವಸ್ಥೆ

ಒಂದು ಕಿಲೋಗ್ರಾಂ ತೂಕಕ್ಕೆ ದಿನಕ್ಕೆ ಸುಮಾರು 100 ಮಿಲಿಲೀಟರ್ ನೀರು ಬೇಕು ಎಂಬುದು ಸ್ಥೂಲ ಲೆಕ್ಕ. ಅಂದರೆ 900 ಗ್ರಾಂ ತೂಗುವ ವಯಸ್ಕ ಗಿನಿಪಿಗ್‌ಗೆ 90 ಮಿಲಿಲೀಟರ್ ಆಸುಪಾಸು. ಹಸಿ ಸೊಪ್ಪು ಹೆಚ್ಚು ತಿನ್ನುವ ಪ್ರಾಣಿ ಬಾಟಲಿಯಿಂದ ಕಡಿಮೆ ಕುಡಿಯುತ್ತದೆ, ಒಣಹುಲ್ಲು ಮತ್ತು ಪೆಲೆಟ್ (ಅಂಗಡಿಯಲ್ಲಿ ಸಿಗುವ ಒಣ ಮೇವಿನ ಗುಳಿಗೆ) ಹೆಚ್ಚು ತಿನ್ನುವುದು ಹೆಚ್ಚು ಕುಡಿಯುತ್ತದೆ. ಸೆಕೆಗಾಲದಲ್ಲಿ, ಗರ್ಭ ಧರಿಸಿದಾಗ, ಮರಿಗಳಿಗೆ ಹಾಲೂಡಿಸುವಾಗ ಬೇಡಿಕೆ ಏರುತ್ತದೆ. ಹೀಗಿರುವುದರಿಂದ ಬೇರೆಯವರ ಮನೆಯ ಗಿನಿಪಿಗ್ ಎಷ್ಟು ಕುಡಿಯುತ್ತದೆ ಎಂಬುದಕ್ಕಿಂತ ನಿಮ್ಮದು ನಿನ್ನೆ ಮೊನ್ನೆ ಎಷ್ಟು ಕುಡಿಯಿತು ಎಂಬುದೇ ಮುಖ್ಯವಾದ ಅಳತೆ.

ಕೊಳವೆಯ ತುದಿಯಲ್ಲಿ ಲೋಹದ ಗುಂಡು ಇರುವ ಬಾಟಲಿ ಎಲ್ಲೆಡೆ ಬಳಕೆಯಲ್ಲಿದೆ. ಪ್ರಾಣಿ ಕತ್ತನ್ನು ವಿಪರೀತ ಮೇಲೆತ್ತದೆ, ನೆಲಕ್ಕೆ ಬಾಗದೆ, ನಿಂತ ಭಂಗಿಯಲ್ಲೇ ತುಸು ತಲೆಯೆತ್ತಿ ಕುಡಿಯುವಷ್ಟು ಎತ್ತರದಲ್ಲಿ ಅದನ್ನು ಕಟ್ಟಬೇಕು. ಬಾಟಲಿಯನ್ನು ಅಂಚಿನವರೆಗೂ ತುಂಬಿ ಮುಚ್ಚಳವನ್ನು ಬಿಗಿಯಾಗಿ ಹಾಕಿದರೆ ಸೋರುವುದು ಕಡಿಮೆ. ಇನ್ನು ಶುಚಿತ್ವದ ಮಾತು: ಗಿನಿಪಿಗ್‌ಗಳು ಬಾಯಲ್ಲಿ ಮೇವಿಟ್ಟುಕೊಂಡೇ ಕುಡಿಯುವುದರಿಂದ ಅಗಿದ ಹುಲ್ಲಿನ ಪುಡಿ ಕೊಳವೆಯೊಳಗೆ ಸೇರುತ್ತದೆ. ಪ್ರತಿದಿನ ಹಳೆಯ ನೀರನ್ನು ಪೂರ್ತಿ ಚೆಲ್ಲಿ, ಬಾಟಲಿಯನ್ನು ಬ್ರಷ್‌ನಿಂದ ಉಜ್ಜಿ, ಕೊಳವೆಯೊಳಗೆ ಸಣ್ಣ ಬ್ರಷ್ಷನ್ನೋ ಹತ್ತಿ ಸುತ್ತಿದ ಕಡ್ಡಿಯನ್ನೋ ಹಾಯಿಸಿ ತೊಳೆಯಿರಿ. ತೊಳೆದು ತುಂಬಿದ ಮೇಲೆ ಬೆರಳ ತುದಿಯಿಂದ ಗುಂಡನ್ನು ನಾಲ್ಕೈದು ಸಲ ಒತ್ತಿ, ಪ್ರತಿ ಸಲವೂ ಹನಿ ಬರುತ್ತದೆಯೇ ನೋಡದೆ ಬಾಟಲಿಯನ್ನು ಗೂಡಿಗೆ ಕಟ್ಟಬೇಡಿ.

ಈ ಕೊನೆಯ ಮಾತನ್ನು ಒತ್ತಿ ಹೇಳಲು ಕಾರಣವಿದೆ. ನನ್ನ ಮನೆಯಲ್ಲಿ ಒಮ್ಮೆ ಬಾಟಲಿ ಎರಡು ದಿನವೂ ತುಂಬಿದಂತೆಯೇ ಇತ್ತು. ತಂಪಿನ ದಿನಗಳಾದ್ದರಿಂದ ಬಾಯಾರಿಕೆ ಕಡಿಮೆಯಿರಬೇಕೆಂದು ಸುಮ್ಮನಿದ್ದೆ. ಎರಡನೆಯ ದಿನ ಸಂಜೆ ಗೂಡು ಗುಡಿಸುವಾಗ ಹಿಕ್ಕೆಗಳು ಮೆಣಸಿನ ಕಾಳಿನಂತೆ ಸಣ್ಣಗಾಗಿ ಒಣಗಿದ್ದನ್ನು ಕಂಡು ಬಾಟಲಿ ಬಿಚ್ಚಿ ನೋಡಿದರೆ, ಹುಲ್ಲಿನ ಪುಡಿ ಅಂಟಿ ಗುಂಡು ಕದಲದೆ ನಿಂತಿತ್ತು. ನೀರು ಕಣ್ಣೆದುರೇ ಇದ್ದರೂ ಆ ಜೀವಕ್ಕೆ ಸಿಕ್ಕಿರಲಿಲ್ಲ. ಅಂದಿನಿಂದ ಗೂಡಿಗೆ ಯಾವಾಗಲೂ ಎರಡು ಬಾಟಲಿಗಳನ್ನು ಕಟ್ಟುತ್ತೇನೆ, ಪ್ರತಿ ಬೆಳಿಗ್ಗೆ ನೀರಿನ ಮಟ್ಟಕ್ಕೆ ಸರಿಯಾಗಿ ಒಂದು ಟೇಪಿನ ತುಂಡು ಅಂಟಿಸುತ್ತೇನೆ. ಬಾಟಲಿಯ ಕೆಳಗೆ ಬಟ್ಟೆ ಹಾಸಿದರೆ ಸೋರಿದ್ದೆಷ್ಟು, ಕುಡಿದದ್ದೆಷ್ಟು ಎಂಬುದೂ ತಿಳಿಯುತ್ತದೆ.

ಕೆಲವು ಗಿನಿಪಿಗ್‌ಗಳು ಬಾಟಲಿಗಿಂತ ಬಟ್ಟಲನ್ನೇ ಇಷ್ಟಪಡುತ್ತವೆ, ಹಲ್ಲುನೋವಿರುವವುಗಳಿಗೂ ಬಟ್ಟಲು ಸುಲಭ. ಮಗುಚದಂತಹ ಭಾರವಾದ ಪಿಂಗಾಣಿ ಬಟ್ಟಲನ್ನು ನೆಲದಿಂದ ಒಂದಿಷ್ಟು ಎತ್ತರದಲ್ಲಿಟ್ಟು, ಹುಲ್ಲೋ ಹಿಕ್ಕೆಯೋ ಬಿದ್ದಾಗಲೆಲ್ಲ ನೀರು ಬದಲಿಸಲು ಸಿದ್ಧರಿರುವುದಾದರೆ ಬಟ್ಟಲು ಒಳ್ಳೆಯದೇ. ನನ್ನ ಅಭಿಪ್ರಾಯದಲ್ಲಿ ಎರಡನ್ನೂ ಇಡುವುದು ಕ್ಷೇಮ.

ನೀವು ಕುಡಿಯುವ ಶುದ್ಧ ನೀರನ್ನೇ ಅದಕ್ಕೂ ಕೊಡಿ. ಸಿ ಜೀವಸತ್ವದ ಹನಿಗಳನ್ನು ನೀರಿಗೆ ಬೆರೆಸಬೇಕೆಂದು ಕೆಲವು ಪೊಟ್ಟಣಗಳ ಮೇಲೆ ಬರೆದಿರುತ್ತದೆ. ಹಾಗೆ ಮಾಡದಿರುವುದೇ ಒಳಿತು. ನೀರಿನಲ್ಲಿ ಕರಗಿದ ಸಿ ಜೀವಸತ್ವ ಬೆಳಕಿಗೂ ಗಾಳಿಗೂ ಬೇಗ ಸತ್ವ ಕಳೆದುಕೊಳ್ಳುತ್ತದೆ, ಅಷ್ಟೇ ಅಲ್ಲದೆ ರುಚಿ ಕೆಟ್ಟು ಪ್ರಾಣಿ ಕುಡಿಯುವುದನ್ನೇ ಕಡಿಮೆ ಮಾಡುತ್ತದೆ. ಸಕ್ಕರೆ, ಹಣ್ಣಿನ ರಸಗಳ ವಿಷಯದಲ್ಲೂ ಇದೇ ಎಚ್ಚರ ಬೇಕು, ಏಕೆಂದರೆ ಅವು ಸೀಕಮ್‌ನಲ್ಲಿರುವ ಸೂಕ್ಷ್ಮಜೀವಿಗಳ ಸಮತೋಲನವನ್ನು ಕೆಡಿಸುತ್ತವೆ.

ಹಂತ 2: ಹುಲ್ಲು ಎಂದೂ ಮುಗಿಯಬಾರದು

ಒಟ್ಟು ಆಹಾರದಲ್ಲಿ ನೂರಕ್ಕೆ 80ರಷ್ಟಾದರೂ ಒಣಹುಲ್ಲಿರಬೇಕು. ತೂಗಿ ಕೊಡುವ ಅಗತ್ಯವಿಲ್ಲ. ದಿನಕ್ಕೆ ಪ್ರಾಣಿಯ ಮೈಗಾತ್ರದಷ್ಟಾದರೂ ದೊಡ್ಡ ರಾಶಿಯನ್ನು ಹಾಕಿ, ಬೆಳಿಗ್ಗೆಯೂ ಸಂಜೆಯೂ ಹೊಸದನ್ನು ಸೇರಿಸುತ್ತಾ ಹೋಗಿ. ಟಿಮೊಥಿ, ಆರ್ಚರ್ಡ್, ಓಟ್ ಹುಲ್ಲುಗಳು ಸೂಕ್ತ. ಕುದುರೆಮಸಾಲೆ ಎಂದು ಕರೆಯುವ ಆಲ್ಫಾಲ್ಫಾದಲ್ಲಿ ಸುಣ್ಣದಂಶವೂ ಪ್ರೋಟೀನೂ ಹೆಚ್ಚಿರುವುದರಿಂದ ಅದು ಆರು ತಿಂಗಳೊಳಗಿನ ಮರಿಗಳಿಗೆ, ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಮಾತ್ರ ಹೊಂದುತ್ತದೆ. ವಯಸ್ಕ ಪ್ರಾಣಿಗೆ ದಿನವೂ ಕೊಟ್ಟರೆ ಮೂತ್ರಕೋಶದಲ್ಲಿ ಕಲ್ಲು ಕಟ್ಟುವ ಅಪಾಯವಿದೆ. ಧಾನ್ಯ ಬಡಿದ ಮೇಲೆ ಉಳಿಯುವ ಬರಿಯ ದಂಟು ಹಾಸಿಗೆಗೆ ಆದೀತು, ಊಟದ ಹುಲ್ಲಿನ ಜಾಗವನ್ನು ತುಂಬಲಾರದು.

ಹುಲ್ಲು ಕೊಳ್ಳುವಾಗ ಮೂಗಿನ ಹತ್ತಿರ ಹಿಡಿದು ನೋಡಿ. ಹಸಿರು ಛಾಯೆ ಉಳಿದಿರಬೇಕು, ಹಿತವಾದ ವಾಸನೆಯಿರಬೇಕು, ಕೊಡವಿದರೆ ದೂಳು ಏಳಬಾರದು. ಮುಗ್ಗಲು ವಾಸನೆಯಿದ್ದರೆ ಅದು ಬೂಷ್ಟು ಹಿಡಿದ ಹುಲ್ಲು, ಎಷ್ಟೇ ನಷ್ಟವಾದರೂ ಎಸೆದುಬಿಡಿ. ಹುಲ್ಲು ಇಡುವ ಜಾಗವೂ ಮುಖ್ಯವೇ. ಗಿನಿಪಿಗ್‌ಗಳು ತಿನ್ನುತ್ತಲೇ ಹಿಕ್ಕೆ ಹಾಕುತ್ತವೆ, ಆದ್ದರಿಂದ ಅವು ಸಹಜವಾಗಿ ಹೋಗಿ ಕುಳಿತುಕೊಳ್ಳುವ ಮೂಲೆಯಲ್ಲೇ ಹುಲ್ಲನ್ನಿಟ್ಟು, ನೀರನ್ನು ಅದರ ಹತ್ತಿರವೇ ಕಟ್ಟಿದರೆ ಎರಡೂ ಹೆಚ್ಚು ಖರ್ಚಾಗುವುದನ್ನು ಕಾಣುವಿರಿ. ಕಿರಿದಾದ ಸಂದುಗಳ ಬುಟ್ಟಿಯಲ್ಲಿ ಹುಲ್ಲನ್ನು ಒತ್ತಿ ತುಂಬಿದರೆ ಎಳೆಯಲಾಗದೆ ಬೇಸತ್ತು ಬಿಟ್ಟುಬಿಡುತ್ತವೆ.

ಹಸಿ ಹುಲ್ಲು ಸಿಗುವುದಾದರೆ ಅದಕ್ಕಿಂತ ಸಹಜವಾದ ಮೇವಿಲ್ಲ, ಅದರಲ್ಲಿ ನೀರಿನಂಶವೂ ಧಾರಾಳ. ಕೀಟನಾಶಕ ಸಿಂಪಡಿಸದ, ನಾಯಿ ಬೆಕ್ಕುಗಳು ಹೊಲಸು ಮಾಡದ ಜಾಗದ್ದನ್ನು ಕೈಯಿಂದ ಕಿತ್ತು, ಮೊದಲ ದಿನ ನಾಲ್ಕಾರು ಎಸಳಿನಿಂದ ಆರಂಭಿಸಿ ದಿನದಿನಕ್ಕೆ ಹೆಚ್ಚಿಸಿ. ಹುಲ್ಲು ಕತ್ತರಿಸುವ ಯಂತ್ರದಿಂದ ಬಂದ ಚೂರುಗಳು ಬೇಗ ಬಿಸಿಯೇರಿ ಹುಳಿಯುತ್ತವೆ, ಅವನ್ನು ಕೊಡಬಾರದು.

ಹಂತ 3: ಸೊಪ್ಪು, ತರಕಾರಿ ಮತ್ತು ಸಿ ಜೀವಸತ್ವ

ಮನುಷ್ಯರಂತೆಯೇ ಗಿನಿಪಿಗ್‌ನ ದೇಹವೂ ಸಿ ಜೀವಸತ್ವವನ್ನು ತಯಾರಿಸಿಕೊಳ್ಳಲಾರದು. ಪ್ರತಿ ಕಿಲೋಗ್ರಾಂ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಆಹಾರದಿಂದಲೇ ಸಿಗಬೇಕು. ಬೆಳೆಯುವ, ಗರ್ಭಿಣಿ ಮತ್ತು ಕಾಯಿಲೆಬಿದ್ದ ಪ್ರಾಣಿಗಳಿಗೆ ಇದರ ಮೇಲಿನ ಮಿತಿಯಷ್ಟಾದರೂ ಬೇಕು. ಇದು ಕರುಳಿಗೂ ನೀರಿಗೂ ಸಂಬಂಧಿಸಿದ ಮಾತೇ ಹೌದು: ಕೊರತೆಯಾದರೆ ಕೆಲವೇ ವಾರಗಳಲ್ಲಿ ಕೀಲುಗಳು ಊದಿಕೊಂಡು ಒಸಡಿನಲ್ಲಿ ನೋವು ಕಾಣಿಸಿಕೊಳ್ಳುತ್ತದೆ, ಪ್ರಾಣಿ ಬಾಟಲಿಯವರೆಗೆ ನಡೆಯಲೂ ಹುಲ್ಲು ಅಗಿಯಲೂ ಹಿಂಜರಿಯುತ್ತದೆ, ಅಲ್ಲಿಂದ ಮುಂದೆ ಕರುಳು ನಿಧಾನವಾಗುತ್ತದೆ.

ಕ್ಯಾಪ್ಸಿಕಂ, ಅಂದರೆ ದೊಣ್ಣೆಮೆಣಸಿನಕಾಯಿ, ಇದಕ್ಕೆ ಸುಲಭದ ಪರಿಹಾರ. 100 ಗ್ರಾಂ ಹಸಿರು ಕ್ಯಾಪ್ಸಿಕಂನಲ್ಲಿ ಸುಮಾರು 80 ಮಿಲಿಗ್ರಾಂ ಸಿ ಜೀವಸತ್ವವಿದೆ, ಕೆಂಪಿನದರಲ್ಲಿ ಇನ್ನೂ ಹೆಚ್ಚು. ಆದ್ದರಿಂದ ದಿನಕ್ಕೆ 25–30 ಗ್ರಾಂನಷ್ಟು ತುಂಡು ಕೊಟ್ಟರೆ ಆರೋಗ್ಯವಂತ ಪ್ರಾಣಿಯ ಅಗತ್ಯ ಪೂರೈಸುತ್ತದೆ. ಇದರೊಂದಿಗೆ ಉದ್ದೆಲೆಯ ಲೆಟಿಸ್, ಕೊತ್ತಂಬರಿ ಸೊಪ್ಪು, ಸೌತೆಕಾಯಿಗಳನ್ನು ಬದಲಿಸುತ್ತಾ, ಎಲ್ಲ ಸೇರಿ ದಿನಕ್ಕೆ ಒಂದು ಬಟ್ಟಲಿನಷ್ಟು ಕೊಡಬಹುದು. ಲೆಟಿಸ್ ಮತ್ತು ಸೌತೆಕಾಯಿಯ ತೂಕದಲ್ಲಿ ನೂರಕ್ಕೆ 95ರಷ್ಟು ನೀರೇ ಆಗಿರುವುದರಿಂದ, ಬಾಟಲಿಯತ್ತ ಸುಳಿಯದ ಪ್ರಾಣಿಗೆ ಇವು ನೀರುಣಿಸುವ ಒಳ್ಳೆಯ ದಾರಿ. ತೊಳೆದ ಸೊಪ್ಪನ್ನು ಒರೆಸದೆ, ಹನಿಗಳಿರುವಂತೆಯೇ ಕೊಡಿ. ಅಷ್ಟು ಸಣ್ಣ ಪ್ರಾಣಿಗೆ ಎಲೆಗೆ ಅಂಟಿದ ಒಂದೆರಡು ಚಮಚ ನೀರೂ ಲೆಕ್ಕಕ್ಕೆ ಬರುತ್ತದೆ.

ಗಿನಿಪಿಗ್‌ಗಳು ಆಹಾರದ ಹೆಚ್ಚುವರಿ ಸುಣ್ಣದಂಶವನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ನೀರು ಕಡಿಮೆಯಾದಾಗ ಅದು ದಟ್ಟವಾಗಿ ಮರಳಿನಂತೆ ಮೂತ್ರಕೋಶದಲ್ಲಿ ಉಳಿಯುತ್ತದೆ. ಹಾಗಾಗಿ ಪಾಲಕ್, ಪಾರ್ಸ್ಲಿಯಂತಹವು ವಾರಕ್ಕೊಮ್ಮೆ ಸ್ವಲ್ಪ ಸಾಕು. ಎಲೆಕೋಸು, ಹೂಕೋಸುಗಳಿಂದ ಕೆಲವಕ್ಕೆ ಹೊಟ್ಟೆಯುಬ್ಬರ ಬರುತ್ತದೆ. ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ, ಬೆಣ್ಣೆಹಣ್ಣು, ಹಾಲಿನ ಪದಾರ್ಥ, ಬ್ರೆಡ್, ಬಿಸ್ಕತ್ತು ಎಂದೂ ಬೇಡ. ಹಣ್ಣು ವಾರಕ್ಕೆ ಒಂದೆರಡು ಸಲ ಹೆಬ್ಬೆರಳ ತುದಿಯಷ್ಟು.

ಪೆಲೆಟ್ ದಿನಕ್ಕೆ ಒಂದೆರಡು ಚಮಚ ಸಾಕು. ಹುಲ್ಲಿನಿಂದ ತಯಾರಿಸಿದ, ಕಾಳು ಮತ್ತು ಬಣ್ಣದ ತುಣುಕುಗಳು ಬೆರೆಯದ, ಸಿ ಜೀವಸತ್ವ ಸೇರಿಸಿದ ಪೆಲೆಟನ್ನೇ ಆರಿಸಿ, ತಯಾರಾದ ಮೂರು ತಿಂಗಳೊಳಗೆ ಬಳಸಿಬಿಡಿ.

ಹಂತ 4: ಬದಲಾವಣೆ ನಿಧಾನವಾಗಿರಲಿ

ಸೀಕಮ್‌ನ ಸೂಕ್ಷ್ಮಜೀವಿಗಳು ಹೊಸ ಆಹಾರಕ್ಕೆ ಒಂದೇ ದಿನದಲ್ಲಿ ಹೊಂದಿಕೊಳ್ಳಲಾರವು. ಹುಲ್ಲನ್ನೋ ಪೆಲೆಟನ್ನೋ ಬದಲಿಸಬೇಕಾದಾಗ ಹಳೆಯದಕ್ಕೆ ಹೊಸದನ್ನು ಸ್ವಲ್ಪಸ್ವಲ್ಪವೇ ಬೆರೆಸುತ್ತಾ 7ರಿಂದ 10 ದಿನ ತೆಗೆದುಕೊಳ್ಳಿ. ಹೊಸ ತರಕಾರಿಗಳನ್ನು ಒಂದೊಂದಾಗಿಯೇ ಪರಿಚಯಿಸಿದರೆ, ಹಿಕ್ಕೆ ಮೆತ್ತಗಾದಾಗ ಕಾರಣ ಯಾವುದೆಂದು ಹುಡುಕಬೇಕಾಗುವುದಿಲ್ಲ. ಬಟ್ಟಲಿನಿಂದ ಬಾಟಲಿಗೆ ಬದಲಾಯಿಸುವಾಗಲೂ ಕೆಲವು ದಿನ ಎರಡೂ ಇರಲಿ. ಬಾಟಲಿಯನ್ನೇ ಕಾಣದ ಪ್ರಾಣಿಗೆ ಅದರಿಂದ ಕುಡಿಯುವುದು ಹೇಗೆಂದು ತಿಳಿದಿರುವುದಿಲ್ಲ.

ಹಂತ 5: ದಿನನಿತ್ಯದ ಪರೀಕ್ಷೆ

ಗಿನಿಪಿಗ್ ಬೇಟೆಗೆ ಗುರಿಯಾಗುವ ಪ್ರಾಣಿ. ನೋವನ್ನು ಹೊರಗೆ ತೋರಿಸಿದರೆ ಬದುಕುವುದು ಕಷ್ಟ ಎಂಬುದು ಅದರ ಸ್ವಭಾವದಲ್ಲೇ ಬೆರೆತಿದೆ, ಆದ್ದರಿಂದ ಅದು ಮಂಕಾಗಿ ಕಾಣಿಸುವ ಹೊತ್ತಿಗೆ ಕಾಯಿಲೆ ಮುಂದುವರಿದಿರುತ್ತದೆ. ಅದು ಮುಚ್ಚಿಡಲಾರದ ಮೂರು ಗುರುತುಗಳೆಂದರೆ ಹಿಕ್ಕೆ, ಮೂತ್ರ ಮತ್ತು ತೂಕ.

ಆರೋಗ್ಯವಂತ ಗಿನಿಪಿಗ್ ದಿನಕ್ಕೆ ನೂರರ ಆಸುಪಾಸು ಹಿಕ್ಕೆ ಹಾಕುತ್ತದೆ. ಅವು ಒಂದೇ ಗಾತ್ರದ, ಉದ್ದುರುಟಾದ, ಕಂದು ಬಣ್ಣದ, ಒತ್ತಿದರೆ ಒಳಗೆ ತುಸು ತೇವವಿರುವ ಗುಳಿಗೆಗಳು. ಸಣ್ಣಗಾಗಿ, ಗಟ್ಟಿಯಾಗಿ, ಎಣಿಕೆ ಇಳಿದರೆ ನೀರೋ ಹುಲ್ಲೋ ಕಡಿಮೆಯಾಗಿದೆ. ಗೊಂಚಲಾಗಿ ಅಂಟಿಕೊಂಡು ಬಂದರೆ ಅಥವಾ ಮೆತ್ತಗಾದರೆ ತರಕಾರಿ ಹೆಚ್ಚಾಗಿದ್ದಿರಬಹುದು. ಪ್ರಾಣಿ ಚುರುಕಾಗಿದ್ದು ಎಂದಿನಂತೆ ತಿನ್ನುತ್ತಿದ್ದರೆ ಒಂದು ದಿನ ಹುಲ್ಲು, ನೀರು ಮಾತ್ರ ಕೊಟ್ಟು ನೋಡಿ. ಬೆಳಿಗ್ಗೆ ಗೂಡಿನ ಒಂದು ಮೂಲೆಯನ್ನು ಗುಡಿಸಿ ಸಂಜೆ ಅದೇ ಮೂಲೆಯನ್ನು ನೋಡುವ ಅಭ್ಯಾಸವಿದ್ದರೆ ವ್ಯತ್ಯಾಸ ಅರಿವಾಗಲು ಎಣಿಸಬೇಕಾಗಿಲ್ಲ.

ಮೂತ್ರ ತಿಳಿಹಳದಿಯಾಗಿಯೂ ಕೆಲವೊಮ್ಮೆ ಮಬ್ಬಾಗಿಯೂ ಇರುವುದು, ಒಣಗಿದಾಗ ತೆಳುವಾದ ಬಿಳಿಯ ಪುಡಿ ಉಳಿಯುವುದು ಸಹಜ. ಆ ಪುಡಿ ಬೆರಳಿಗೆ ಮರಳಿನಂತೆ ಒರಟಾಗಿ ಸಿಕ್ಕರೆ, ಮೂತ್ರದಲ್ಲಿ ರಕ್ತ ಕಂಡರೆ, ಮೂತ್ರ ಮಾಡುವಾಗ ಪ್ರಾಣಿ ಕೀಚಲು ದನಿ ಹೊರಡಿಸಿದರೆ ಪಶುವೈದ್ಯರಿಗೆ ತೋರಿಸಲೇಬೇಕು.

ತೂಕದ ಮಹತ್ವವನ್ನು ಎಷ್ಟು ಹೇಳಿದರೂ ಕಡಿಮೆಯೇ. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಒಂದು ಡಬ್ಬಿಯಿಟ್ಟು, ವಾರಕ್ಕೊಮ್ಮೆ ಅದೇ ದಿನ ಅದೇ ಹೊತ್ತಿಗೆ ತೂಗಿ ಬರೆದಿಡಿ. 20–30 ಗ್ರಾಂ ಏರಿಳಿತ ಹೊಟ್ಟೆಯಲ್ಲಿರುವ ಮೇವಿನಿಂದಲೂ ಆಗುತ್ತದೆ. 50 ಗ್ರಾಂಗಿಂತ ಹೆಚ್ಚು ಇಳಿದರೆ ದಿನವೂ ತೂಗಲು ಆರಂಭಿಸಿ, 100 ಗ್ರಾಂ ಇಳಿಯುವವರೆಗಂತೂ ಕಾಯಬೇಡಿ. ಎರಡು ಮೂರು ಗಿನಿಪಿಗ್‌ಗಳು ಒಟ್ಟಿಗಿದ್ದಾಗ ಬಾಟಲಿಯಲ್ಲಿ ಖಾಲಿಯಾದ ನೀರನ್ನು ಯಾವುದು ಕುಡಿಯಿತೆಂದು ಹೇಳಲಾಗದು. ಆಗ ತಕ್ಕಡಿಯೇ ಸಾಕ್ಷಿ.

ಹಂತ 6: ಸೆಕೆ ಮತ್ತು ಓಡಾಟ

18ರಿಂದ 24 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಇವುಗಳಿಗೆ ಹಿತ. 27 ಡಿಗ್ರಿ ದಾಟಿದರೆ ಬಿಸಿಲಾಘಾತದ ಭಯವಿದೆ. ಗೂಡನ್ನು ನೆರಳಿಗೆ ಸರಿಸಿ, ನೀರನ್ನು ದಿನಕ್ಕೆ ಎರಡು ಮೂರು ಸಲ ಬದಲಿಸಿ, ಬಟ್ಟೆ ಸುತ್ತಿದ ತಣ್ಣೀರಿನ ಬಾಟಲಿಯನ್ನು ಪಕ್ಕದಲ್ಲಿಡಿ. ಕರುಳಿನ ಚಲನೆಗೆ ಮೈಯ ಚಲನೆಯೂ ಬೇಕಾದ್ದರಿಂದ ವಿಶಾಲವಾದ ಗೂಡು, ದಿನವೂ ಸ್ವಲ್ಪ ಹೊತ್ತು ನೆಲದ ಮೇಲೆ ಓಡಾಟ, ಜೊತೆಗೊಂದು ಸಂಗಾತಿ ಇರುವುದು ಒಳ್ಳೆಯದು.

ಹಂತ 7: ತೊಂದರೆ ಕಂಡಾಗ

ನೀರಿನಂಶ ಕುಸಿದಿದೆಯೇ ಎಂದು ತಿಳಿಯಲು ಹೆಗಲ ಮೇಲಿನ ಚರ್ಮವನ್ನು ಮೆಲ್ಲಗೆ ಎತ್ತಿ ಬಿಡಿ. ಅದು ತಕ್ಷಣ ಸ್ವಸ್ಥಾನಕ್ಕೆ ಮರಳದೆ ಗುಡಾರದಂತೆ ನಿಂತರೆ, ಒಸಡು ಒದ್ದೆಯಾಗಿರದೆ ಅಂಟಂಟಾಗಿದ್ದರೆ, ಕಣ್ಣು ಗುಳಿಬಿದ್ದಿದ್ದರೆ ಅದು ಮನೆಯಲ್ಲಿ ಸರಿಪಡಿಸುವ ಹಂತವನ್ನು ಮೀರಿದೆ. ವೈದ್ಯರು ಚರ್ಮದಡಿಗೆ ದ್ರವ ಕೊಡಬೇಕಾಗುತ್ತದೆ. ನೀರಿನಂತಹ ಭೇದಿಯೂ ತುರ್ತುಸ್ಥಿತಿಯೇ, ಏಕೆಂದರೆ ಇಷ್ಟು ಸಣ್ಣ ದೇಹದಿಂದ ಕೆಲವೇ ಗಂಟೆಗಳಲ್ಲಿ ಅಪಾಯವೆನಿಸುವಷ್ಟು ನೀರು ಹೊರಹೋಗುತ್ತದೆ.

ಬೆನ್ನು ಗೂನಾಗಿಸಿ, ರೋಮ ಉಬ್ಬಿಸಿ, ಹಲ್ಲು ಕಡಿಯುತ್ತಾ ಮೂಲೆ ಹಿಡಿದ ಗಿನಿಪಿಗ್‌ಗೆ ಹೊಟ್ಟೆನೋವಿದೆ. ಮೇವು ಬಿಟ್ಟು ಹಿಕ್ಕೆಯೂ ನಿಂತರೆ ಕರುಳು ಸ್ತಬ್ಧವಾಗುತ್ತಿದೆ, ಅದೇ ದಿನ ವೈದ್ಯರನ್ನು ಕಾಣಬೇಕು. ಹೊಟ್ಟೆ ಡೋಲಿನಂತೆ ಬಿಗಿದು ಉಬ್ಬಿದ್ದರೆ ಅದು ಅನಿಲ ತುಂಬಿದ ಲಕ್ಷಣ. ಆ ಸ್ಥಿತಿಯಲ್ಲಿ ಬಾಯಿಗೆ ಏನನ್ನೂ ಬಲವಂತವಾಗಿ ಹಾಕದೆ ತಕ್ಷಣ ಹೊರಡಬೇಕು. ವಯಸ್ಸಾದ ಗಂಡುಗಳಲ್ಲಿ ಹೆಚ್ಚಾಗಿ ಕಾಣುವ ಇನ್ನೊಂದು ತೊಂದರೆಯೆಂದರೆ ಗುದದ್ವಾರದ ಚೀಲದಲ್ಲಿ ಮೃದು ಹಿಕ್ಕೆ ಸಿಲುಕಿಕೊಳ್ಳುವುದು. ಅದನ್ನು ಶುಚಿಗೊಳಿಸುವ ಕ್ರಮವನ್ನು ವೈದ್ಯರಿಂದ ಕಣ್ಣಾರೆ ನೋಡಿ ಕಲಿಯಿರಿ.

ಮನುಷ್ಯರ ಔಷಧಿ ಯಾವುದನ್ನೂ ಕೊಡಬೇಡಿ. ಪೆನಿಸಿಲಿನ್, ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್‌ನಂತಹ ಆಂಟಿಬಯಾಟಿಕ್‌ಗಳು ಸೀಕಮ್‌ನ ಉಪಕಾರಿ ಸೂಕ್ಷ್ಮಜೀವಿಗಳನ್ನು ಕೊಂದು, ಕ್ಲಾಸ್ಟ್ರಿಡಿಯಂ ಎಂಬ ವಿಷಕಾರಿ ಬ್ಯಾಕ್ಟೀರಿಯಾಗಳಿಗೆ ದಾರಿ ಮಾಡಿಕೊಟ್ಟು ಜೀವವನ್ನೇ ತೆಗೆಯಬಲ್ಲವು. ಸಣ್ಣ ಪ್ರಾಣಿಗಳ ಅನುಭವವಿರುವ ವೈದ್ಯರನ್ನು ಕಾಯಿಲೆ ಬರುವ ಮೊದಲೇ ಹುಡುಕಿಟ್ಟುಕೊಳ್ಳಿ.

ವೈದ್ಯರು ಸಿರಿಂಜ್‌ನಿಂದ ನೀರು ಅಥವಾ ಕಲಸಿದ ಮೇವು ಕೊಡಲು ಸೂಚಿಸಿದರೆ, ಪ್ರಾಣಿಯನ್ನು ಟವೆಲಿನಲ್ಲಿ ಸುತ್ತಿ, ನೆಟ್ಟಗೆ ಕುಳ್ಳಿರಿಸಿಕೊಳ್ಳಿ. ಅಂಗಾತ ಮಲಗಿಸಿದರೆ ದ್ರವ ಶ್ವಾಸಕೋಶಕ್ಕೆ ಹೋಗುತ್ತದೆ. ಸೂಜಿಯಿಲ್ಲದ 1 ಮಿಲಿಲೀಟರ್ ಸಿರಿಂಜನ್ನು ಬಾಚಿಹಲ್ಲುಗಳ ಹಿಂದಿನ ಖಾಲಿ ಜಾಗದಲ್ಲಿ ಪಕ್ಕದಿಂದ ತೂರಿಸಿ, ಕಾಲು ಭಾಗದಷ್ಟು ಬಿಟ್ಟು, ಅದು ಅಗಿದು ನುಂಗುವವರೆಗೆ ಕಾದು, ನಂತರವೇ ಮುಂದಿನದನ್ನು ಕೊಡಿ. ಒಂದೇ ಸಲಕ್ಕೆ ಹೆಚ್ಚು ಕೊಡುವುದಕ್ಕಿಂತ ರಾತ್ರಿಯೂ ಸೇರಿದಂತೆ ಎರಡು ಮೂರು ಗಂಟೆಗೊಮ್ಮೆ ಸ್ವಲ್ಪಸ್ವಲ್ಪ ಕೊಡುವುದು ಕರುಳಿಗೆ ಹಿತ. ಆರೋಗ್ಯವಾಗಿರುವಾಗಲೇ ಆಗಾಗ ಸಿರಿಂಜ್‌ನಿಂದ ಒಂದೆರಡು ಹನಿ ನೀರು ಕುಡಿಸಿ ಅಭ್ಯಾಸ ಮಾಡಿಸಿದ್ದರೆ ಆ ಹೊತ್ತಿನಲ್ಲಿ ಇಬ್ಬರಿಗೂ ಕಷ್ಟ ಕಡಿಮೆ.

ಚೇತರಿಕೆಯ ದಿನಗಳಲ್ಲಿ ಮೊದಲು ಮರಳುವುದು ತಿನ್ನುವ ಆಸಕ್ತಿ. ಹಿಕ್ಕೆಯ ಗಾತ್ರ ಅದರ ಹಿಂದೆ ಒಂದೆರಡು ದಿನ ತಡವಾಗಿ ಸರಿಹೋಗುತ್ತದೆ. ಆದ್ದರಿಂದ ಒಂದು ಎಲೆ ತಿಂದಿತೆಂದು ಸಿರಿಂಜ್ ಮೇವನ್ನು ಕೂಡಲೇ ನಿಲ್ಲಿಸದೆ, ತಾನಾಗಿಯೇ ಹುಲ್ಲು ತಿನ್ನುವುದು ಹೆಚ್ಚಿದಂತೆ ಅದನ್ನು ಇಳಿಸುತ್ತಾ ಬನ್ನಿ, ಕಾಯಿಲೆಗೆ ಮುಂಚಿನ ತೂಕ ಮರಳಿ ಒಂದು ವಾರ ಸ್ಥಿರವಾಗಿ ನಿಲ್ಲುವವರೆಗೆ ದಿನವೂ ತೂಗುವುದನ್ನು ಬಿಡಬೇಡಿ.